ಸತ್ತವನು ತುಂಬಿಸಿದ ಬಾಟಲಿ

ಕಂತು ಒಂಬತ್ತು

“ಈ ಬಾಟಲಿ ತುಂಬಿಸುವಾಗ ಚಿನ್ನಯ್ಯ ಸತ್ತು ಎಷ್ಟು ಹೊತ್ತಾಗಿತ್ತು, ಮೇಡಂ?”

ಫಾಯಿಝಾ ಕೇಳಿದ್ದು ತಮಾಷೆಗಲ್ಲ. ಬಿ.ಸಿ.ರೋಡಿನ ಮೂರನೇ ಮಾಳಿಗೆಯಲ್ಲಿ ಅವಳು ನೀರು ಪರೀಕ್ಷಿಸುವ ಆ ಗುತ್ತಿಗೆ ಲ್ಯಾಬಿನಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಯಿಂದ ಗೋಡೆಗೆ ನೀರಿನ ಬಾಟಲಿಗಳು. ಪ್ರತಿಯೊಂದರ ಕುತ್ತಿಗೆಗೂ ಒಂದೊಂದು ಪಂಚಾಯತಿನ ಹೆಸರು.

ಸಬ್ ಇನ್‌ಸ್ಪೆಕ್ಟರ್ ಶಶಿಪ್ರಭಾ ಕಾಗದವನ್ನು ಕೈಗೆ ತೆಗೆದುಕೊಂಡಳು. ಐದು ಗಂಟೆಗೆ ಎದ್ದು, ಮಗಳ ಬುತ್ತಿ ಕಟ್ಟಿ, ಗಂಡನಿಗೆ ಚಹಾದ ಫ್ಲಾಸ್ಕು ತುಂಬಿಸಿಟ್ಟು ಹೊರಟವಳು. ಕಣ್ಣು ಉರಿಯುತ್ತಿತ್ತು. ಆದರೂ ಕಾಗದದ ಮೇಲಿದ್ದದ್ದು ಸ್ಪಷ್ಟವಾಗಿಯೇ ಕಂಡಿತು.

ನೀರಿನ ಮೂಲ: ಬರ್ಕೆಪದವು ತೆರೆದ ಬಾವಿ. ಮಾದರಿ ತೆಗೆದವರು: ಚಿನ್ನಯ್ಯ, ಪಂಪು ಚಾಲಕ. ದಿನ: ಮಂಗಳವಾರ. ಸಮಯ: ಬೆಳಿಗ್ಗೆ 8.30.

ಕೆಳಗೆ ಚಿನ್ನಯ್ಯನ ಸಹಿ, ಪಂಚಾಯತಿನ ಸೀಲು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅದೇ ಬಾವಿಯಲ್ಲಿ ಚಿನ್ನಯ್ಯನ ಹೆಣ ತೇಲುತ್ತಿತ್ತು. ಎಂಟೂವರೆಗೆ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದರು. ಎಳೆಸಿದವಳು ಶಶಿಪ್ರಭಾಳೇ.

“ಸಹಿ ಅವನದ್ದೇ ಅಂತ ಹೇಗೆ ಹೇಳ್ತೀರಿ?”

“ಹಿಂದಿನ ಹನ್ನೊಂದು ತಿಂಗಳಿನ ಕಾಗದ ಉಂಟು. ಎಲ್ಲದರಲ್ಲಿಯೂ ಇದೇ ಸಹಿ.” ಫಾಯಿಝಾ ತಲೆವಸ್ತ್ರವನ್ನು ಹಿಂದಕ್ಕೆ ಸರಿಪಡಿಸಿಕೊಂಡು ಇನ್ನೊಂದು ಕಟ್ಟು ಬಿಚ್ಚಿದಳು. “ಇನ್ನೊಂದು ಸಂಗತಿ ಉಂಟು. ಅದನ್ನು ಹೇಳ್ಲಿಕ್ಕೆ ನನಗೇ ನಾಚಿಕೆ.”

“ಹೇಳಿ. ನನ್ನ ಹತ್ತಿರ ನಾಚಿಕೆಗೆಲ್ಲ ಸಮಯ ಇಲ್ಲ.”

“ನಮ್ಮ ಕಡೆಯ ಕೆಂಪುಕಲ್ಲಿನ ಬಾವಿಯ ನೀರು ಮೆದು, ಮೇಡಂ. ಗಡಸುತನ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ನಲ್ವತ್ತು. ಹೋದ ವರ್ಷ ಎಪ್ರಿಲಿನಲ್ಲಿ ಈ ಬಾವಿ ಫೇಲಾಗಿತ್ತು, ಕೊಳಚೆಯ ಕ್ರಿಮಿ ಸಿಕ್ಕಿತ್ತು. ಆಗಿನ ಕಾಗದದಲ್ಲಿ ಗಡಸುತನ ಇಪ್ಪತ್ತಾರು. ಅಲ್ಲಿಂದ ಈಚೆಗೆ ಹನ್ನೆರಡು ಬಾಟಲಿ ಬಂದಿದೆ. ನೋಡಿ, ನೂರ ಎಂಬತ್ತನಾಲ್ಕು. ನೂರ ಎಂಬತ್ತೆರಡು. ಪುನಃ ನೂರ ಎಂಬತ್ತನಾಲ್ಕು.”

“ಅಂದರೆ?”

“ಅಂದರೆ ಇದು ಬಾವಿಯ ನೀರೇ ಅಲ್ಲ. ಯಾವುದೋ ಬೋರ್‌ವೆಲ್ಲಿನದ್ದು. ಹನ್ನೆರಡೂ ಒಂದೇ ಬೋರ್‌ವೆಲ್ಲಿನದ್ದು.”

“ಹನ್ನೆರಡು ತಿಂಗಳು ನಿಮ್ಮ ಕಣ್ಣಿಗೆ ಬೀಳಲಿಲ್ಲ?”

“ಇನ್ನೂರರ ಕೆಳಗಿದ್ದರೆ ಪಾಸು. ಪಾಸಾದದ್ದನ್ನು ಯಾರು ತಿರುಗಿ ನೋಡ್ತಾರೆ? ಐವತ್ತೆಂಟು ಪಂಚಾಯತಿಗೆ ನಾನೊಬ್ಬಳು.” ಫಾಯಿಝಾಳ ಸ್ವರ ತಗ್ಗಿತು. “ಕುಡಿಯಲು ಯೋಗ್ಯ ಅಂತ ಹನ್ನೆರಡು ಸಲ ಸಹಿ ಹಾಕಿದ್ದೇನೆ. ಅದನ್ನೂ ನಿಮ್ಮ ಫೈಲಿಗೆ ಸೇರಿಸಿ.”

ಶಶಿಪ್ರಭಾ ಹನ್ನೆರಡೂ ಕಾಗದಗಳನ್ನು ಫೈಲಿಗೆ ಸೇರಿಸಿದಳು. ಆ ಫೈಲು ನಾಳೆ ಬೆಳಿಗ್ಗೆ ಮೇಲಧಿಕಾರಿಯ ಮೇಜಿಗೆ ಹೋಗಬೇಕು. ಅದರಲ್ಲಿ ಏನು ಬರೆಯಬೇಕೆಂದು ಫೋನಿನಲ್ಲಿ ಆಗಲೇ ಹೇಳಿ ಆಗಿತ್ತು: ಕುಡಿದ ಅಮಲಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಲು ಹೋಗಿ ಕಾಲು ಜಾರಿದ್ದು. ತಲೆಯ ಹಿಂದಿನ ಬೆರಳುದ್ದದ ಗಾಯ ಬಾವಿಯ ಕಲ್ಲು ತಾಗಿ ಆದದ್ದು. ಬಾವಿಕಟ್ಟೆಯ ಮೇಲಿದ್ದ ಪೌಡರಿನ ಚೀಲದ ಹೊಲಿಗೆಯೇ ಬಿಚ್ಚಿರಲಿಲ್ಲ ಎಂಬುದು ಮಾತ್ರ ಫೋನಿನ ಆ ತುದಿಗೆ ಕೇಳಿಸಲಿಲ್ಲ.

“ಈಗ ಆ ಬಾವಿಯ ನೀರು ತಂದು ನೋಡಿದರೆ ಆಗುವುದಿಲ್ಲವಾ?”

“ನಿನ್ನೆ ಪಂಚಾಯತಿನವರು ಶುದ್ಧ ಮಾಡ್ತೇವೆ ಅಂತ ಚೀಲಗಟ್ಟಲೆ ಬ್ಲೀಚಿಂಗ್ ಸುರಿದರಲ್ಲ. ಈಗ ಅದರಲ್ಲಿ ಕ್ರಿಮಿಯೂ ಇಲ್ಲ, ಸಾಕ್ಷಿಯೂ ಇಲ್ಲ. ನಾಲ್ಕು ದಿನ ಕಳೆದರೆ ಮೇಲಿನಿಂದ ಕೊಳಚೆ ಒಸರಿ ಪುನಃ ತುಂಬ್ತದೆ. ಅಷ್ಟರಲ್ಲಿ ಮುನ್ನೂರ ನಲ್ವತ್ತು ಮನೆಯವರು ಕುಡಿದಾಗಿರ್ತದೆ.”

ನಾಳೆ ಬೆಳಿಗ್ಗೆ ಆರಕ್ಕೆ ಪಂಪು ಸುರು. ಪಂಚಾಯತಿನ ಕೈಯಲ್ಲಿ ಇರುವ ಒಂದೇ ಆಧಾರ ಈ ಬಾಟಲಿಯ ವರದಿ, ಸತ್ತವನು ತುಂಬಿಸಿದ್ದು.

“ಇದನ್ನು ತಂದವರು ಯಾರು?”

“ಮಂಗಳವಾರ ನಾನು ಬೆಳ್ತಂಗಡಿ ಕಡೆ ಹೋಗಿದ್ದೆ. ಬಾಗಿಲ ಹೊರಗೆ ಒಂದು ಪೆಟ್ಟಿಗೆ ಇಟ್ಟಿದ್ದೇವೆ. ಬಾಟಲಿ, ಕಾಗದ ಎರಡನ್ನೂ ಅದರಲ್ಲಿ ಹಾಕಿ ಹೋಗ್ತಾರೆ. ಯಾರೂ ನೋಡುವುದಿಲ್ಲ.”

ಶಶಿಪ್ರಭಾ ಟೋಪಿ ಎತ್ತಿಕೊಂಡಳು. “ನಿಮ್ಮ ಪರೀಕ್ಷೆಯ ಪೆಟ್ಟಿಗೆ ತೆಗೆದುಕೊಳ್ಳಿ. ಹೋಗುವ.”

*

ಮೂಡುಬಿದಿರೆ ರಸ್ತೆಯಿಂದ ಒಳಗೆ ಹೊರಳಿದ ಮೇಲೆ ಜೀಪು ಏದುಸಿರು ಬಿಡತೊಡಗಿತು.

“ಈ ಜೀಪಿಗೂ ನನಗೂ ಒಂದೇ ಕಾಯಿಲೆ ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್ ಶೀನಪ್ಪ, ಗೇರು ಬದಲಾಯಿಸುತ್ತಾ. “ಇಬ್ಬರಿಗೂ ಏರು ಕಂಡರೆ ಆಗುವುದಿಲ್ಲ.”

“ಬಾಯಿಗೆ ಮಾತ್ರ ಏರು ಇಲ್ಲ ನಿಮಗೆ.”

“ಅದು ಬಿಡಿ. ಆ ಬೋರ್ಡು ನೋಡಿ ಮಾರಾಯ್ರೇ.”

ರಸ್ತೆಯ ಬಲಕ್ಕೆ ಹಳೆಯ ಕೆಂಪುಕಲ್ಲಿನ ಕೋರೆ. ಕಲ್ಲು ಕಡಿದು ಮುಗಿದ ಮೇಲೆ ಉಳಿದ ಚೌಕಾಕಾರದ ಹೊಂಡ, ಎರಡು ಆಳು ಆಳ. ಅಂಚಿನಲ್ಲಿ ಪಂಚಾಯತಿನ ಹಳದಿ ಫಲಕ: ‘ಮಳೆನೀರು ಇಂಗುಗುಂಡಿ. ಜಲಮೂಲ ಕಾಪಾಡುವುದು ನಮ್ಮೆಲ್ಲರ ಹೊಣೆ.’ ಹೊಂಡದ ಅಂಚಿನಲ್ಲಿ ಲಾರಿಯ ಜೋಡಿ ಟಯರಿನ ಗುರುತು. ಒಳಗೆ ಕಪ್ಪು ಕೆಸರು. ಮಳೆ ಬಿದ್ದು ಆರು ತಿಂಗಳಾಗಿತ್ತು. ಆದರೂ ಕೆಸರು ಒದ್ದೆಯಾಗಿತ್ತು. ಶೀನಪ್ಪ ಮೂಗಿಗೆ ಕರವಸ್ತ್ರ ಹಿಡಿದ.

“ಸೆಪ್ಟಿಕ್ ಟ್ಯಾಂಕಿನ ಲಾರಿ ಇಲ್ಲಿ ಖಾಲಿ ಮಾಡ್ತಾರೆ,” ಎಂದಳು ಫಾಯಿಝಾ. “ಬಾವಿ ಎಲ್ಲಿ?”

ಶೀನಪ್ಪ ಕೈ ತೋರಿಸಿದ. ಕೆಳಗೆ, ಇನ್ನೂರು ಹೆಜ್ಜೆ ದೂರದಲ್ಲಿ, ಪಂಪು ಮನೆಯ ಹಂಚು ಕಾಣುತ್ತಿತ್ತು. ಬರ್ಕೆಪದವಿನ ಬಾವಿಗೆ ನೀರು ಇಂಗಿಸಲೆಂದೇ ಕಡತದಲ್ಲಿ ತೋರಿಸಿದ ಗುಂಡಿ. ಇಂಗುವುದೇನೋ ಸರಿಯಾಗಿಯೇ ಇಂಗುತ್ತಿತ್ತು.

ಪಂಚಾಯತಿನ ಅಂಗಳದಲ್ಲಿ ಒಂದು ನಲ್ಲಿ. ಕಚೇರಿಯ ಬೋರ್‌ವೆಲ್ಲಿನದ್ದು. ಫಾಯಿಝಾ ಅದರ ನೀರನ್ನು ಸಣ್ಣ ಗಾಜಿನ ಕೊಳವೆಗೆ ಹಿಡಿದು, ಚಿಟಿಕೆ ಪುಡಿ ಹಾಕಿ ಕೆಂಪು ಮಾಡಿ, ಮೇಲಿನಿಂದ ಔಷಧಿಯ ಹನಿ ಬಿಡುತ್ತಾ ಎಣಿಸತೊಡಗಿದಳು. “ಬಣ್ಣ ಬದಲಾಗುವವರೆಗೆ ಎಷ್ಟು ಹನಿಯೋ, ಅದರ ಹತ್ತರಷ್ಟು ಗಡಸುತನ.”

ಹನ್ನೆರಡು. ಹದಿನಾಲ್ಕು. ಹದಿನೇಳು.

ಹದಿನೆಂಟನೆಯ ಹನಿಗೆ ಕೆಂಪು ಹೋಗಿ ನೀಲಿಯಾಯಿತು.

“ಇದೇ,” ಎಂದಳು ಫಾಯಿಝಾ.

*

ಪಂಚಾಯತು ಅಭಿವೃದ್ಧಿ ಅಧಿಕಾರಿ ದಯಾನಂದ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ. ಶಶಿಪ್ರಭಾ ಒಳಗೆ ಬರುವಾಗ ಎರಡು ಕುರ್ಚಿ ಎಳೆದಿಟ್ಟಿದ್ದ. ಐವತ್ತರ ಹತ್ತಿರದ ಮನುಷ್ಯ, ಅಂಗಿಯ ಕಿಸೆಯಲ್ಲಿ ಮೂರು ಪೆನ್ನು.

“ಕುಳಿತುಕೊಳ್ಳಿ ಮೇಡಂ. ಚಹಾ ಹೇಳ್ತೇನೆ.”

“ಯಾವ ನೀರಿನದ್ದು?”

ಅವನ ನಗು ಅರ್ಧಕ್ಕೇ ನಿಂತಿತು.

ಶಶಿಪ್ರಭಾ ಹನ್ನೆರಡು ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. “ದಯಾನಂದರೇ, ಒಂದು ವರ್ಷದಿಂದ ಬಾವಿಯ ಹೆಸರಿನಲ್ಲಿ ಹೋದದ್ದು ನಿಮ್ಮ ಅಂಗಳದ ನಲ್ಲಿಯ ನೀರು. ಹೌದಾ, ಅಲ್ಲವಾ?”

“ತುಂಬಿಸುವುದು ಚಿನ್ನಯ್ಯ. ಅವನು ಎಲ್ಲಿಂದ ತುಂಬಿಸ್ತಾನೆ ಅಂತ…”

“ಸತ್ತವನ ತಲೆಗೆ ಕಟ್ಟಬೇಡಿ. ಅವನಿಗೆ ಈಗ ಬೇರೆ ಭಾರ ಹೊರಲಿಕ್ಕೆ ಆಗುವುದಿಲ್ಲ.”

ದಯಾನಂದ ಆ ಕಾಗದಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿದ. ಫ್ಯಾನು ಕಟಕಟ ಎನ್ನುತ್ತಿತ್ತು.

“ಹೋದ ವರ್ಷ ಫೇಲಾದಾಗ ನಾನು ಕಾನೂನು ಪ್ರಕಾರವೇ ಮಾಡಿದೆ, ಮೇಡಂ,” ಎಂದ ಕೊನೆಗೆ. “ಹತ್ತೊಂಬತ್ತು ದಿನ ಬಾವಿ ಮುಚ್ಚಿದೆ. ಟ್ಯಾಂಕರ್ ತರಿಸಿದೆ. ರಸ್ತೆ ಬದಿಯ ಮನೆಗಳಿಗೆ ನೀರು ಸಿಕ್ಕಿತು. ಪದವಿನ ಗುಡ್ಡದ ಮೇಲಿನ ಕಾಲನಿಗೆ ಟ್ಯಾಂಕರ್ ಹತ್ತಲಿಲ್ಲ, ಆ ಏರು ನೀವೇ ನೋಡಿದ್ದೀರಿ. ಹೆಂಗಸರು ಕೆಳಗಿನಿಂದ ಹೊತ್ತರು. ಚಿನ್ನಯ್ಯನ ಮಗಳು ಪ್ರಾಪ್ತಿ ಹೆರಿಗೆಗೆ ಅಂತ ಬಂದವಳು. ಬೇಡ ಅಂದರೂ ಒಂದು ಕೊಡ ಹೊತ್ತಳು. ಜಾರಿ ಬಿದ್ದಳು. ಮಗು ಉಳಿಯಲಿಲ್ಲ.”

ಫಾಯಿಝಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

“ಅದರ ಮುಂದಿನ ತಿಂಗಳು ಚಿನ್ನಯ್ಯ ಖಾಲಿ ಬಾಟಲಿ ಹಿಡಿದು ಇದೇ ಜಾಗದಲ್ಲಿ ನಿಂತ. ‘ಸಾರ್, ಇನ್ನೊಮ್ಮೆ ಬಾವಿ ಮುಚ್ಚಬಾರದು’ ಅಂದ. ನಾನು ಹೇಳಿದೆ: ನಲ್ಲಿಯೂ ಪಂಚಾಯತಿನದ್ದೇ, ನೀರೂ ಪಂಚಾಯತಿನದ್ದೇ, ನೋಡಿ ತುಂಬಿಸು ಅಂತ. ಅಷ್ಟೇ ಹೇಳಿದ್ದು.”

“ನಲ್ಲಿ ತೋರಿಸಿದಿರಿ. ಕೋರೆ ತೋರಿಸಲಿಲ್ಲ.”

“ಕೋರೆ ಯಾರದ್ದು ಅಂತ ಗೊತ್ತುಂಟಲ್ಲ ನಿಮಗೆ? ಉಪಾಧ್ಯಕ್ಷ ಶೋಧನ್ ಅವರದ್ದು.” ದಯಾನಂದ ಕಪಾಟಿನಿಂದ ದಪ್ಪದ ಠರಾವು ಪುಸ್ತಕ ತೆಗೆದು ಪುಟ ತಿರುವಿದ. “ನಾನು ಸುಮ್ಮನೆ ಕುಳಿತವನಲ್ಲ. ಓದಿ.”

ಶಶಿಪ್ರಭಾ ಓದಿದಳು. ‘ಬಾವಿಯ ಮೇಲ್ಭಾಗದ ಹೊಂಡದಲ್ಲಿ ಮಲಿನ ನೀರು ಬಿಡುವವರಿಗೆ ನೋಟೀಸು ನೀಡುವ ಬಗ್ಗೆ. ಚರ್ಚಿಸಿ, ಮುಂದಿನ ಸಭೆಗೆ ಮುಂದೂಡಲಾಗಿದೆ.’ ಮುಂದಿನ ಸಭೆಯ ಪುಟದಲ್ಲಿಯೂ ಅದೇ. ಅದರ ಮುಂದಿನದ್ದರಲ್ಲಿಯೂ. ಏಳು ಸಭೆ. ಏಳು ಸಲವೂ ಅದೇ ಅಕ್ಷರ, ಅದೇ ಶಾಯಿ. ಕೆಳಗೆ ಎಲ್ಲ ಸದಸ್ಯರ ಸಹಿ.

“ನೋಟೀಸು ಕೊಡಲಿಕ್ಕೆ ಅಧಿಕಾರ ಯಾರಿಗುಂಟು?”

“ಪಂಚಾಯತಿಗೆ.”

“ಲಾರಿಗೆ ದಂಡ ಹಾಕಲಿಕ್ಕೆ?”

“ಪಂಚಾಯತಿಗೆ.”

“ಕುಡಿಯುವ ನೀರಿನ ಬಾವಿ ಕಾಯುವ ಕೆಲಸ?”

ದಯಾನಂದ ಪುಸ್ತಕ ಮುಚ್ಚಿದ. “ಎಲ್ಲ ಪಂಚಾಯತಿಗೇ ಮೇಡಂ. ಪಂಚಾಯತು ಅಂದರೆ ಯಾರು? ಹದಿನೇಳು ಜನ ಸದಸ್ಯರು. ಎಲ್ಲರ ಊಟ ಶೋಧನ್ ಅವರ ಸಭಾಂಗಣದಲ್ಲಿ, ತಿರುಗಾಡುವ ಕಾರೂ ಅವರದ್ದೇ. ಅವರ ಎದುರು ಕೈ ಎತ್ತಿದವರೊಬ್ಬರನ್ನು ತೋರಿಸಿ, ನಾಳೆಯೇ ನೋಟೀಸು ಕೊಡ್ತೇನೆ.”

“ಬಾವಿ ಮುಚ್ಚುವ ಆದೇಶಕ್ಕೆ ಯಾರೂ ಕೈ ಎತ್ತಬೇಕಾಗಿಲ್ಲ. ನಿಮ್ಮ ಒಂದು ಸಹಿ ಸಾಕು. ಬರೆಯಿರಿ.”

“ಹೆಂಗಸರು ಕೊಡ ಹಿಡಿದು ಬಂದರೆ ಎದುರಿಗೆ ನೀವು ನಿಲ್ತೀರಾ?”

“ಬರೆಯಿರಿ ದಯಾನಂದರೇ. ಇಲ್ಲದಿದ್ದರೆ ಈ ಹನ್ನೆರಡು ಕಾಗದದ ಮೇಲೆ ನಿಮ್ಮನ್ನು ಇವತ್ತೇ ಠಾಣೆಗೆ ಕರೆದುಕೊಂಡು ಹೋಗ್ತೇನೆ.”

ಮೂರು ಪೆನ್ನಿನಲ್ಲಿ ಎರಡು ಬರೆಯಲಿಲ್ಲ. ಮೂರನೆಯದರಲ್ಲಿ ಅವನು ನಾಲ್ಕು ಸಾಲು ಬರೆದು, ಸಹಿ ಹಾಕಿ, ಸೀಲು ಹೊಡೆದು ಕೊಟ್ಟ. ನಾಳೆ ಬೆಳಿಗ್ಗೆಯಿಂದ ಮುಂದಿನ ಆದೇಶದವರೆಗೆ ಬಾವಿ ಬಂದ್.

ಗೆದ್ದೆ ಎಂದು ಶಶಿಪ್ರಭಾಳಿಗೆ ಅನಿಸಬೇಕಾಗಿತ್ತು. ಅನಿಸಲಿಲ್ಲ.

“ಈಗ ಕೊನೆಯದ್ದು,” ಎಂದಳು. “ಮಂಗಳವಾರದ ಈ ಬಾಟಲಿ ನೀವು ಕಳಿಸಿದ್ದು ಯಾವಾಗ?”

“ನಾನಾ?” ದಯಾನಂದ ನಿಜವಾಗಿಯೂ ಬೆಚ್ಚಿಬಿದ್ದ. “ಎಂತ ಮೇಡಂ ನೀವು? ಎಂಟೂವರೆಗೆ ನಾನು ನಿಮ್ಮ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿರಲಿಲ್ಲವಾ? ನನ್ನ ಅಂಗೈ ಸಿಪ್ಪೆ ಹೋದದ್ದು ಇನ್ನೂ ಹೀಗೇ ಉಂಟು. ಆ ದಿನ ಕಚೇರಿಯ ಬೀಗವೇ ತೆಗೆಯಲಿಲ್ಲ.”

ಅದು ಸುಳ್ಳಲ್ಲ. ಅವಳೇ ಕಣ್ಣಾರೆ ಕಂಡದ್ದು.

“ಹಾಗಾದರೆ ಈ ಕಾಗದ? ನಿಮ್ಮ ಸೀಲು ಉಂಟಲ್ಲ.”

“ಅದಾ?” ಅವನು ಹಣೆ ಒರೆಸಿಕೊಂಡ. “ಆ ಕಾಗದ ಕಚೇರಿಯಲ್ಲಿ ಇರುವುದೇ ಇಲ್ಲ. ವರ್ಷದ ಮೊದಲಿಗೆ ಹನ್ನೆರಡು ಖಾಲಿ ಕಾಗದಕ್ಕೆ ಸೀಲು ಹೊಡೆದು ಕೊಡ್ತೇವೆ. ಚಿನ್ನಯ್ಯ ಎಲ್ಲದಕ್ಕೂ ಒಮ್ಮೆಗೇ ಸಹಿ ಹಾಕಿ ಮನೆಯಲ್ಲಿ ಇಟ್ಟುಕೊಳ್ತಾನೆ. ಆಯಾ ತಿಂಗಳು ದಿನ, ಸಮಯ ಬರೆದರೆ ಆಯಿತು. ಪ್ರತಿ ತಿಂಗಳು ಯಾರು ಬಂದು ಹೋಗುವುದು ಅಂತ.”

“ಮನೆಯಲ್ಲಿ?”

“ಗೋಡೆಯಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಡ್ತಾನೆ. ನಾನೇ ನೋಡಿದ್ದೇನೆ.”

ಶಶಿಪ್ರಭಾ ಕಾಗದಗಳ ಮೇಲೆ ಬಗ್ಗಿದಳು. ಇಷ್ಟು ಹೊತ್ತು ಸಹಿಯನ್ನೇ ನೋಡುತ್ತಿದ್ದಳು. ಸಹಿಯ ಮೇಲಿನ ಸಾಲನ್ನು ಈಗ ನೋಡಿದಳು. ಹನ್ನೊಂದು ಕಾಗದಗಳಲ್ಲಿ ಅವಸರದ, ವಾಲಿದ ಬರಹ. ಮಂಗಳವಾರದ್ದರಲ್ಲಿ ಮಾತ್ರ ದುಂಡಗೆ, ಒತ್ತಿ ಒತ್ತಿ ಬರೆದದ್ದು, ಶಾಲೆ ಬಿಟ್ಟು ಬಹಳ ವರ್ಷವಾದವರ ಅಕ್ಷರ. ಎಂಟೂವರೆ ಎಂಬುದು ಹನ್ನೆರಡರಲ್ಲಿಯೂ ಒಂದೇ. ತಿಂಗಳು ತಿಂಗಳೂ ಅವನು ಬರೆಯುವುದನ್ನು ನೋಡಿ ಅದೇ ಸಮಯ ಬರೆದವರಿಗೆ, ಆ ಎಂಟೂವರೆಗೆ ಚಿನ್ನಯ್ಯ ಎಲ್ಲಿರುತ್ತಾನೆಂದು ಬರೆಯುವಾಗ ಗೊತ್ತಿರಲಿಲ್ಲ.

ಅಂದರೆ ಬರೆದದ್ದು ಹೆಣ ಸಿಗುವುದಕ್ಕೆ ಮುಂಚೆ.

ಅವಳಿಗೆ ಮಂಗಳವಾರದ ಇನ್ನೊಂದು ಚಿತ್ರ ಕಣ್ಣಿಗೆ ಬಂತು. ಬಿ.ಸಿ.ರೋಡಿನ ಶವಾಗಾರದ ಹೊರಗಿನ ಬೆಂಚು. ಸೆರಗಿನಲ್ಲಿ ಚೀಲ ಮುಚ್ಚಿ ಕುಳಿತಿದ್ದ ಚಿನ್ನಯ್ಯನ ಹೆಂಡತಿ ದಮಯಂತಿ. ‘ಅಕ್ಕ, ಒಂದು ಚೂರು ನೀರು ಕುಡಿದು ಬರ್ತೇನೆ’ ಎಂದು ಎದ್ದು ಹೋದವಳು ಕಾಲು ಗಂಟೆ ಬಿಟ್ಟು ಬಂದಳು. ಪಾಪ, ಎಲ್ಲಿಯೋ ಕುಳಿತು ಅತ್ತಿರಬೇಕು ಎಂದುಕೊಂಡಿದ್ದಳು ಶಶಿಪ್ರಭಾ.

ಆ ಬೆಂಚಿನಿಂದ ಫಾಯಿಝಾಳ ಲ್ಯಾಬಿಗೆ ಕಾಲು ನಡಿಗೆ ಐದು ನಿಮಿಷ.

*

ಕಾಲನಿಯ ಏರಿಗೆ ಜೀಪು ಅರ್ಧದಲ್ಲಿಯೇ ನಿಂತಿತು. ಶೀನಪ್ಪನನ್ನೂ ಫಾಯಿಝಾಳನ್ನೂ ಅಲ್ಲಿಯೇ ಬಿಟ್ಟು ಶಶಿಪ್ರಭಾ ನಡೆದೇ ಹತ್ತಿದಳು. ದಾರಿಯುದ್ದಕ್ಕೂ ಮನೆ ಮನೆಯ ಎದುರು ಖಾಲಿ ಕೊಡಗಳು ಸಾಲಾಗಿ ಬಾಯಿ ತೆರೆದು ಕುಳಿತಿದ್ದವು. ಮೂರು ದಿನದಿಂದ ನೀರಿಲ್ಲ.

ಚಿನ್ನಯ್ಯನ ಮನೆಯ ಚಾವಡಿಯಲ್ಲಿ ಹೆಂಗಸರು ತುಂಬಿದ್ದರು. ಸಾವಿನ ಮನೆ, ಕಾಲನಿಯವರೆಲ್ಲ ಜೊತೆಗೆ ಕುಳಿತಿದ್ದಾರೆ ಎಂದು ಶಶಿಪ್ರಭಾ ನಿನ್ನೆ ಅಂದುಕೊಂಡಿದ್ದಳು. ಇವತ್ತು ಎಣಿಸಿದಳು. ದಮಯಂತಿಯನ್ನು ಸೇರಿಸಿ ಹನ್ನೊಂದು. ನಿನ್ನೆಯೂ ಇವರೇ. ಮೊನ್ನೆಯೂ ಇವರೇ.

“ಬನ್ನಿ ಅಕ್ಕ,” ಎಂದಳು ದಮಯಂತಿ, ಎದ್ದು ನಿಂತು. “ಕುಡಿಯಲಿಕ್ಕೆ ಕೊಡುವ ಅಂದರೆ ನೀರಿಲ್ಲ.”

“ಬೇಡ. ಕುಳಿತುಕೊಳ್ಳಿ.” ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಶಶಿಪ್ರಭಾ ಅದರ ಹಿಂದಕ್ಕೆ ಕೈ ಹಾಕಿದಳು. ಸೀಲು ಹೊಡೆದ ಖಾಲಿ ಕಾಗದಗಳು ಬೆರಳಿಗೆ ತಾಗಿದವು. ಎಲ್ಲದರಲ್ಲಿಯೂ ಸತ್ತವನ ಸಹಿ.

“ದಮಯಂತಿ, ನೀವು ಎಷ್ಟನೇ ಕ್ಲಾಸಿನವರೆಗೆ ಹೋದದ್ದು?”

“ಏಳು.”

“ಮಂಗಳವಾರದ ಕಾಗದ ಬರೆದದ್ದು ನೀವೇ ಅಲ್ಲವಾ? ನಿಮ್ಮ ಗಂಡನ ದೇಹ ಶವಾಗಾರದ ಒಳಗಿರುವಾಗ ಆ ಬಾಟಲಿ ಲ್ಯಾಬಿಗೆ ಹಾಕಿ ಬಂದದ್ದೂ ನೀವೇ.”

ಯಾರೋ ಮೂಗು ಸೀಟುವ ಸದ್ದು ನಿಂತಿತು. ದಮಯಂತಿಯ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಬಹಳ ದಿನ ಹೊತ್ತ ಹೊರೆ ಇಳಿಸುವಾಗಿನ ಸುಸ್ತು ಮಾತ್ರ ಕಂಡಿತು.

“ಹಾಕದಿದ್ದರೆ ಈ ತಿಂಗಳಿನ ಬಾಟಲಿ ಎಲ್ಲಿ ಅಂತ ಲ್ಯಾಬಿನವರು ಹುಡುಕಿಕೊಂಡು ಬರ್ತಾರೆ. ಬಂದರೆ ಬಾವಿಯಿಂದಲೇ ತೆಗೀತಾರೆ. ಬಾವಿ ಮುಚ್ಚುತ್ತದೆ.”

“ನಿಮ್ಮ ಗಂಡ ಕೊಟ್ಟದ್ದಾ ಆ ಬಾಟಲಿ?”

“ಅವರು ಕೊಡಲಿಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಈ ಸಲ ಬಾವಿಯ ನೀರು ಕುಡಿದು ಕಾಲನಿಯ ನಾಲ್ಕು ಮಕ್ಕಳಿಗೆ ಕಾಮಾಲೆ ಬಂತಲ್ಲ. ಅಂದಿನಿಂದ ಅವರಿಗೆ ನಿದ್ದೆ ಇಲ್ಲ. ಸೋಮವಾರ ಸಂಜೆ ಹೇಳಿದರು, ‘ದಮಯಂತಿ, ಈ ಸಲ ನಾನು ಬಾವಿಯದ್ದೇ ತುಂಬಿಸ್ತೇನೆ, ಆದದ್ದು ಆಗಲಿ’ ಅಂತ. ನಾನು ಕಾಲು ಹಿಡಿದೆ. ನಮ್ಮ ಪ್ರಾಪ್ತಿಯನ್ನು ನೆನಪಿಸಿದೆ. ಕೇಳಲಿಲ್ಲ. ಬಾಟಲಿ ಹಿಡಿದು ಹೊರಟೇ ಹೋದರು. ನಾನು ಇವರಿಗೆಲ್ಲ ಹೇಳಿದೆ.”

“ಹೇಳಿ?”

“ತಡೆಯುವ ಅಂತ ಹೊರಟೆವು. ಹನ್ನೊಂದು ಮಂದಿ. ಅವರು ಕಟ್ಟೆಯ ಮೇಲೆ ನಿಂತು ಬಾಟಲಿ ತುಂಬಿಸಿ ಆಗಿತ್ತು. ಕೈಯಿಂದ ಕಸಿದದ್ದು ನಾನು, ಅಕ್ಕ. ಚೆಲ್ಲಿದ್ದು ನಾನು. ನಲ್ಲಿಯಲ್ಲಿ ಬೇರೆ ತುಂಬಿಸಿದ್ದೂ ನಾನು. ಬಾವಿಗೆ ಬಿದ್ದರೂ ಅವರಿಗೆ ಈಜು ಬರ್ತದೆ, ಆ ಕಡೆಯಿಂದ ಹತ್ತಿ ಬರ್ತಾರೆ ಅಂತ ನಾನು ಬೆಳಗಿನವರೆಗೂ ಬಾಗಿಲು ಹಾಕಲಿಲ್ಲ.”

“ಬಾವಿಗೆ ಬಿದ್ದದ್ದು ಹೇಗೆ? ನೀವು ಕಸಿಯುವಾಗಲಾ?”

“ಅಲ್ಲ. ನಾನು ಬಾಟಲಿ ಹಿಡಿದು ತಿರುಗಿ ಆಗಿತ್ತು. ನನ್ನ ಬೆನ್ನು ಆ ಕಡೆಗಿತ್ತು.”

“ಹಾಗಾದರೆ ಯಾರು?”

ದಮಯಂತಿ ಮೆಲ್ಲಗೆ ತಿರುಗಿ, ಹಿಂದೆ ಕುಳಿತ ಹತ್ತು ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೂ ಗೊತ್ತಿಲ್ಲ ಎಂದು ಶಶಿಪ್ರಭಾಳಿಗೆ ಆಗ ಹೊಳೆಯಿತು. ಮೂರು ದಿನದಿಂದ ಈ ಹೆಂಗಸು ತನ್ನ ಗಂಡನನ್ನು ತಳ್ಳಿದ ಕೈ ಹಿಡಿದುಕೊಂಡೇ ಅಳುತ್ತಿದ್ದಳು. ಯಾವ ಕೈ ಎಂದು ತಿಳಿಯದೆ.

ಮೂಲೆಯಲ್ಲಿದ್ದ ಎಲ್ಲರಿಗಿಂತ ಹಿರಿಯಳು ಮಂಡಿಗೆ ಕೈ ಊರಿ ಎದ್ದಳು. ಶಶಿಪ್ರಭಾಳನ್ನು ದಾಟಿ ಹೋಗಿ, ಬಾಗಿಲು ಎಳೆದು, ಒಳಗಿನಿಂದ ಅಗಳಿ ಹಾಕಿದಳು.

“ಯಾರು ಅಂತ ನಮಗೆ ಗೊತ್ತುಂಟು, ಮಗಾ. ಇವಳ ಎದುರಿಗೇ ಹೇಳ್ತೇವೆ, ಬರೆದುಕೋ.” ಮುದುಕಿ ಅಗಳಿಗೆ ಬೆನ್ನು ಕೊಟ್ಟು ನಿಂತಳು. “ಅದಕ್ಕೆ ಮೊದಲು ನೀನೊಂದು ಹೇಳು. ನಾಳೆ ಆರು ಗಂಟೆಗೆ ನೀರು ಬರ್ತದಾ, ಇಲ್ಲವಾ?”